ಮೊಳಕೆಯಲ್ಲಿ ಕಾಣದ ಸಿರಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ನಾವು ಮೇಲಿಂದ ಮೇಲೆ ಬಳಸುತ್ತೇವೆ. ಮೂರನೆಯ ತರಗತಿಯ ಹುಡುಗ ಪದ್ಯವನ್ನು ತಡವರಿಸದೆ ಒಪ್ಪಿಸಿದರೆ ಈ ಗಾದೆ. ತರುಣ ಲೇಖಕನ ಮೊದಲ ಕಥೆ ಅಚ್ಚಾದರೆ ಈ ಗಾದೆ. ಅದನ್ನು ಸುಳ್ಳೆನ್ನುವ ಧೈರ್ಯ ಯಾರಿಗೂ ಸುಲಭವಾಗಿ ಬಾರದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹಿರಿಯರು ಇನ್ನೊಂದು ಗಾದೆಯನ್ನೇ ಕಾವಲಿಗೆ ನಿಲ್ಲಿಸಿ ಹೋಗಿದ್ದಾರೆ. ಆದರೆ ಈ ಗಾದೆಯ ಆಳ್ವಿಕೆಗೆ ಒಳಪಡದ ಒಂದು ಸಸ್ಯ ಭೂಮಿಯ ಮೇಲೆ ಉಂಟು. ಅದರ ಮೊಳಕೆಯಲ್ಲಿ ಯಾವ ಸಿರಿಯೂ ಕಾಣುವುದಿಲ್ಲ. ಎಂಟು ವರ್ಷ ಕಾದರೂ ಕಾಣುವುದಿಲ್ಲ. ಹೊಸದಾಗಿ ತೋಟದ ಕೆಲಸಕ್ಕೆ ಕೈಹಾಕುವವನು ಅಂಥ ಸಸ್ಯವನ್ನು ಬೀಜದಿಂದ ಬೆಳೆಸುವುದು ವಿವೇಕವೇ ಎಂಬುದು ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ. ವಿವೇಕವೆಂದೇ ನಮ್ಮ ಅಭಿಪ್ರಾಯ.

ಆ ಸಸ್ಯದ ಹೆಸರು ಸಗ್ವಾರೊ. ಅಮೆರಿಕದ ಅರಿಜೋನ ರಾಜ್ಯದ ದಕ್ಷಿಣ ಭಾಗವನ್ನೂ ಮೆಕ್ಸಿಕೋದ ಸೊನೋರ ರಾಜ್ಯವನ್ನೂ ವ್ಯಾಪಿಸಿರುವ ಮರುಭೂಮಿಯೇ ಅದರ ತವರು. ಕಳ್ಳಿ ಎಂದೊಡನೆ ನಮಗೆ ಬೇಲಿಯ ಗಿಡದ ನೆನಪಾಗುತ್ತದೆ; ಆದರೆ ಮುರಿದರೆ ಹಾಲು ಸುರಿಸುವ ನಮ್ಮ ಕಳ್ಳಿಗಳ ವಂಶವೇ ಬೇರೆ. ಪಾಪಾಸುಕಳ್ಳಿಯೊಂದು ಮಾತ್ರ ಸಗ್ವಾರೊವಿನ ದೂರದ ದಾಯಾದಿ. ಅದೂ ಅಮೆರಿಕದಿಂದಲೇ ನಮ್ಮಲ್ಲಿಗೆ ಬಂದದ್ದು. ಸಗ್ವಾರೊ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ. ಪೂರ್ಣವಾಗಿ ಬೆಳೆದದ್ದು 40 ಅಡಿಯನ್ನು ಮುಟ್ಟುತ್ತದೆ, ಕೆಲವು ಅದನ್ನೂ ಮೀರುತ್ತವೆ. ಮಳೆಯ ನೀರನ್ನು ಒಡಲಲ್ಲಿ ತುಂಬಿಕೊಂಡಾಗ ತೂಕ 6 ಟನ್ನಿಗೂ ಮಿಕ್ಕುವುದುಂಟು. ಆಯುಸ್ಸು 150ರಿಂದ 200 ವರ್ಷ. 1848ರಲ್ಲಿ ಎಂಗೆಲ್‌ಮನ್ ಎಂಬ ಸಸ್ಯವಿಜ್ಞಾನಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. 1908ರಲ್ಲಿ ಬ್ರಿಟನ್ ಮತ್ತು ರೋಸ್ ಎಂಬ ವಿದ್ವಾಂಸರು ಇದಕ್ಕಾಗಿಯೇ ಪ್ರತ್ಯೇಕ ಕುಲವೊಂದನ್ನು ಕಲ್ಪಿಸಿ, ದಾನಿ ಆಂಡ್ರೂ ಕಾರ್ನೆಗಿಯ ಹೆಸರನ್ನು ಅದಕ್ಕಿಟ್ಟರು. ಆ ನೆಲದ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನರಿಗೆ ಈ ಯಾವ ಹೆಸರೂ ಬೇಕಾಗಿರಲಿಲ್ಲ. ಅವರು ಸಗ್ವಾರೊವನ್ನು ಮನುಷ್ಯರಂತೆಯೇ ಗೌರವಿಸುತ್ತಾರೆ. ಬೇಸಗೆಯ ಕೊನೆಯಲ್ಲಿ ಉದ್ದನೆಯ ಗಳುವಿನಿಂದ ಅದರ ಕೆಂಪು ಹಣ್ಣನ್ನು ಕೆಡವಿ, ಪಾಕ ಕಾಯಿಸಿ, ಮಳೆಯನ್ನು ಕರೆಯುವ ಹಬ್ಬವನ್ನು ಮಾಡುತ್ತಾರೆ.

ಇಷ್ಟು ದೊಡ್ಡ ಬಾಳಿನ ಆರಂಭ ಎಷ್ಟು ಸಣ್ಣದೆಂಬುದನ್ನು ನೋಡಬೇಕು. ಬೀಜ ಕಪ್ಪಾಗಿ, ಸಾಸಿವೆಯ ಕಾಳಿನಷ್ಟಿರುತ್ತದೆ. ಕಾಡಿನ ನೆಲದಲ್ಲಿ ಮೊದಲ ಎಂಟು ವರ್ಷಗಳಲ್ಲಿ ಅದು ಸಾಧಿಸುವ ಎತ್ತರ ಒಂದರಿಂದ ಒಂದೂವರೆ ಅಂಗುಲ. ಮೊದಲ ಹೂವು ಬಿಡಲು ಸುಮಾರು 35 ವರ್ಷ. ಪಕ್ಕದಲ್ಲಿ ತೋಳು ಮೂಡಲು 50ರಿಂದ 70 ವರ್ಷ, ಮಳೆ ತೀರ ಕಡಿಮೆಯಾದ ಕಡೆ 100 ವರ್ಷ. ಕುಂಡದಲ್ಲಿಟ್ಟು ನೀರು ನೆರಳು ನೋಡಿಕೊಂಡರೆ ಬೆಳವಣಿಗೆ ಇದಕ್ಕಿಂತ ಚುರುಕಾಗುವುದು ನಿಜ. ಆದರೂ ನಡುವಯಸ್ಸಿನವನೊಬ್ಬ ಇಂದು ಬಿತ್ತಿದ ಬೀಜದ ಹೂವನ್ನು ತಾನೇ ನೋಡುವೆನೆಂದು ಲೆಕ್ಕ ಹಾಕುವಂತಿಲ್ಲ. ತೋಳನ್ನಂತೂ ಅವನ ಮೊಮ್ಮಕ್ಕಳು ನೋಡಿಯಾರು.

ಹೀಗಿರುವಾಗ ತಿಳಿದವರು ಹೊಸಬನಿಗೆ ಹೇಳುವ ಬುದ್ಧಿಮಾತು ಒಂದೇ: ಮೊದಲು ಬೇಗ ಬರುವುದನ್ನು ಬೆಳೆ, ಕೈ ಪಳಗಲಿ, ಉತ್ಸಾಹ ಬಾಡದಿರಲಿ, ಕಳ್ಳಿಯೇ ಬೇಕೆಂದರೆ ಬೆಳೆದ ಗಿಡವನ್ನು ಕೊಂಡು ತಾ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಬೇಗ ಬೆಳೆಯುವ ಗಿಡ ಬೆಳೆಸುವವನ ತಪ್ಪುಗಳನ್ನು ಬೇಗ ಮರೆಸಿಬಿಡುತ್ತದೆ. ಇಂದು ಬಾಡಿದ ಚೆಂಡುಹೂವಿನ ಸಸಿ ನೀರು ಕಂಡೊಡನೆ ನಾಳೆ ತಲೆಯೆತ್ತುತ್ತದೆ; ಬೆಳೆಸಿದವನು ತನ್ನ ಕೈಗುಣವೆಂದು ಹಿಗ್ಗುತ್ತಾನೆ. ಸಗ್ವಾರೊ ಅಂಥ ಮುಖಸ್ತುತಿ ಮಾಡುವ ಗಿಡವಲ್ಲ.

ಬಿತ್ತುವ ಕ್ರಮವೇನೂ ಕಷ್ಟದ್ದಲ್ಲ. ತಳದಲ್ಲಿ ತೂತಿರುವ ಅಗಲವಾದ ಕುಂಡ ಬೇಕು. ಮಣ್ಣಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಗರಸು ಮತ್ತು ದಪ್ಪ ಮರಳಿರಬೇಕು. ಕುದಿಯುವ ನೀರನ್ನು ಸುರಿದು, ಮಣ್ಣಿನಲ್ಲಿರುವ ಬೂಷ್ಟನ್ನು ಆದಷ್ಟು ಅಡಗಿಸಿ, ಚೆನ್ನಾಗಿ ಆರಿದ ಮೇಲೆ ಬೀಜವನ್ನು ಮೇಲ್ಮೈಯಲ್ಲಿ ಉದುರಿಸಬೇಕು. ಮುಚ್ಚಬಾರದು, ಈ ಬೀಜ ಮೊಳೆಯಲು ಬೆಳಕು ಬೇಕು. ಮೇಲಿಂದ ನೀರು ಹೊಯ್ದರೆ ಬೀಜ ಕೊಚ್ಚಿಹೋಗುತ್ತದೆ; ಆದಕಾರಣ ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ತಳದಿಂದ ನೆನೆಯಗೊಡಬೇಕು. ಬಾಯಿಗೆ ಗಾಜನ್ನೋ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನೋ ಮುಚ್ಚಿ, ಬೆಳಕಿದ್ದು ನೇರ ಬಿಸಿಲು ತಗಲದ ಕಡೆ ಇಟ್ಟರೆ, 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೆರಡು ವಾರಗಳೊಳಗೆ ಹಸಿರು ಚುಕ್ಕೆಗಳು ಕಾಣಿಸುತ್ತವೆ. ಎರಡು ದಪ್ಪನೆಯ ಬೀಜದಳಗಳು, ಅವುಗಳ ನಡುವೆ ರೋಮದಂಥ ಮುಳ್ಳಿನ ಕುಚ್ಚು. ಸಿರಿಯೆಲ್ಲ ಇಷ್ಟೇ.

ಕಷ್ಟ ತಲೆದೋರುವುದು ಇಲ್ಲಿಂದ ಮುಂದೆ. ಮುಚ್ಚಳ ತೆಗೆಯದಿದ್ದರೆ ಬೂಷ್ಟು ಹಿಡಿದು ಸಸಿಗಳು ಬುಡದಲ್ಲಿ ಕೊಳೆತು ಬೀಳುತ್ತವೆ. ಒಮ್ಮೆಗೇ ತೆಗೆದರೆ ಒಣಗುತ್ತವೆ. ಮುಚ್ಚಳವನ್ನು ದಿನಕ್ಕಿಷ್ಟೆಂದು ಸರಿಸುತ್ತ ಗಾಳಿಯ ರೂಢಿ ಮಾಡಿಸಬೇಕು. ಕಳ್ಳಿಯಲ್ಲವೇ ಎಂದು ಬಿಸಿಲಿಗಿಟ್ಟರೆ ಎಳೆಯ ಮೈ ಸುಡುತ್ತದೆ. ಬೇರು ಬಂತೇ ಎಂದು ಕಿತ್ತು ನೋಡುವ ಕುತೂಹಲವನ್ನು ಮೊದಲ ವರ್ಷವೆಲ್ಲ ಅದುಮಿಕೊಳ್ಳಬೇಕು. ಬೆಳೆಯಲು ವರ್ಷಗಟ್ಟಲೆ ತೆಗೆದುಕೊಳ್ಳುವ ಈ ಗಿಡಕ್ಕೆ ಸಾಯಲು ಮೂರು ದಿನ ಸಾಕು. ಹೊಸಬರ ಕೈಯಲ್ಲಿ ಅದು ಸಾಯುವುದು ಅಲಕ್ಷ್ಯದಿಂದಲ್ಲ, ಹೆಚ್ಚಿನ ಮಟ್ಟಿಗೆ ಅಕ್ಕರೆಯಿಂದ. ಏನಾದರೂ ಮಾಡುತ್ತಿರಬೇಕೆಂಬ ಚಡಪಡಿಕೆಯಿಂದ ಅವರು ನೀರು ಹೊಯ್ಯುತ್ತಾರೆ. ಮಾಡದೆ ಇರುವುದೂ ಒಂದು ಆರೈಕೆ ಎಂಬ ಪಾಠವನ್ನು ಇಷ್ಟು ಅಗ್ಗವಾಗಿ ಕಲಿಸುವ ಗುರು ಬೇರೆ ಸಿಕ್ಕುವುದು ಕಷ್ಟ.

ಪ್ರಕೃತಿಯಾದರೂ ಈ ಕೆಲಸದಲ್ಲಿ ಸುಲಭವಾಗಿ ಗೆಲ್ಲುವುದಿಲ್ಲ. ಒಂದು ಹಣ್ಣಿನಲ್ಲಿ 2,000ದವರೆಗೆ ಬೀಜಗಳಿರುತ್ತವೆ. ಒಂದು ಸಗ್ವಾರೊ ತನ್ನ ಜೀವಮಾನದಲ್ಲಿ ಸುಮಾರು 4 ಕೋಟಿ ಬೀಜಗಳನ್ನು ಉತ್ಪಾದಿಸಬಲ್ಲದೆಂದು ಅಂದಾಜು. ಹಕ್ಕಿ, ಇರುವೆ, ಇಲಿ, ಬಿಸಿಲು, ಹಿಮಗಾಳಿ ಇವುಗಳ ಬಾಯಿಗೆ ಬೀಳದೆ ಗಿಡವಾಗುವುದು ಬೆರಳೆಣಿಕೆಯಷ್ಟು. ಹಾಗೆ ಉಳಿದವು ಬಹುಮಟ್ಟಿಗೆ ಪಾಲೊ ವರ್ಡೆ, ಮೆಸ್ಕೀಟ್ ಮುಂತಾದ ಮರಗಳ ಬುಡದಲ್ಲಿ ಉಳಿದವು. ಆ ಮರ ಹಗಲು ನೆರಳು ಕೊಡುತ್ತದೆ, ಚಳಿಗಾಲದ ರಾತ್ರಿ ನೆಲದ ಬಿಸಿಯನ್ನು ಹಿಡಿದಿಡುತ್ತದೆ, ಮೇಯುವ ಪ್ರಾಣಿಗಳ ಕಣ್ಣಿಗೆ ಮರೆಯಾಗುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನು ದಾದಿಮರವೆನ್ನುತ್ತಾರೆ. ಕುಂಡದ ಮುಂದೆ ಕುಳಿತ ಹೊಸಬ ಮಾಡುವುದೂ ಆ ದಾದಿಯ ಕೆಲಸವನ್ನೇ.

ಇಷ್ಟು ಸಣ್ಣದನ್ನು ಗಮನಿಸುವುದರಿಂದ ಆಗುವುದಾದರೂ ಏನು ಎಂದು ಕೇಳುವವರಿಗೆ ಆ ಮರುಭೂಮಿಯ ಚರಿತ್ರೆಯೇ ಉತ್ತರ ಹೇಳುತ್ತದೆ. 1933ರಲ್ಲಿ ಟೂಸಾನ್ ನಗರದ ಬಳಿ ಸಗ್ವಾರೊಗಳ ರಕ್ಷಣೆಗೆಂದೇ ಒಂದು ರಾಷ್ಟ್ರೀಯ ಸ್ಮಾರಕಭೂಮಿಯನ್ನು ಮೀಸಲಿಟ್ಟರು; 1994ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮೀಸಲಿಟ್ಟ ಕೆಲವೇ ವರ್ಷಗಳಲ್ಲಿ ಹಿರಿಯ ಕಂಬಗಳು ಕೊಳೆತು ಉರುಳತೊಡಗಿದವು. ಎಲ್ಲರೂ ರೋಗದ ಮಾತನ್ನಾಡಿದರು. ಈ ಸಸ್ಯ ಇಲ್ಲಿ ಬಹುಕಾಲ ಉಳಿಯದೆಂದು ಭವಿಷ್ಯ ನುಡಿದವರೂ ಇದ್ದರು. ಆದರೆ ಹಿರಿಯವು ಸಾಯುವುದು ಲೋಕದ ನಿಯಮ. ಅಲ್ಲಿ ನಿಜವಾಗಿ ಕೆಟ್ಟಿದ್ದದ್ದು ಬೇರೆಯೇ: ಅವುಗಳ ಜಾಗಕ್ಕೆ ಎಳೆಯವು ಬಂದಿರಲಿಲ್ಲ. ದಶಕಗಳ ಕಾಲ ದನಗಳು ನೆಲವನ್ನು ತುಳಿದಿದ್ದವು. ಸೌದೆಗೆಂದು ಜನ ದಾದಿಮರಗಳನ್ನು ಕಡಿದಿದ್ದರು. ಕಡಿತ ನಿಂತು, ದನಗಳನ್ನು ಕ್ರಮೇಣ ಹೊರಗಟ್ಟಿದ ಮೇಲೆ ಮರಗಳ ಬುಡದಲ್ಲಿ ಮತ್ತೆ ಎಳೆಯ ಸಗ್ವಾರೊಗಳು ನೆಲೆಗೊಂಡವು. ಎಂಟು ವರ್ಷಕ್ಕೆ ಒಂದಂಗುಲ ಬೆಳೆಯುವ ಗಿಡದ ಅಳಿವು ಉಳಿವನ್ನು ಕತ್ತೆತ್ತಿ ನೋಡಿದರೆ ತಿಳಿಯಲಾಗದು, ಮಂಡಿಯೂರಿ ನೋಡಬೇಕು.

ಈಗ ಮತ್ತೆ ಮಂಡಿಯೂರಿ ನೋಡಬೇಕಾದ ಕಾಲ ಬಂದಿದೆ. 1990ರ ದಶಕದಿಂದೀಚೆಗೆ ಬಿಡದೆ ಕಾಡಿದ ಬರದಲ್ಲಿ ಹೊಸ ಸಸಿಗಳು ನೆಲೆಗೊಳ್ಳುವುದು ತೀರ ವಿರಳವಾಗಿದೆಯೆಂದು ಅಲ್ಲಿನ ಸಮೀಕ್ಷೆಗಳು ಹೇಳಿವೆ. 2023ರ ಬೇಸಗೆಯಲ್ಲಿ ಫೀನಿಕ್ಸ್ ನಗರದ ಉಷ್ಣತೆ ಸತತ 31 ದಿನ 43 ಡಿಗ್ರಿಯನ್ನು ಮುಟ್ಟಿತು, ರಾತ್ರಿಗಳೂ ತಂಪಾಗಲಿಲ್ಲ. ಸಗ್ವಾರೊ ಹಗಲು ತನ್ನ ರಂಧ್ರಗಳನ್ನು ಮುಚ್ಚಿಕೊಂಡಿದ್ದು ರಾತ್ರಿ ಉಸಿರಾಡುವ ಸಸ್ಯ. ರಾತ್ರಿಯೇ ಕಾದರೆ ಅದಕ್ಕೆ ಬೇರೆ ಆಶ್ರಯವಿಲ್ಲ. ಆ ವರ್ಷ ನಗರದ ಸಸ್ಯೋದ್ಯಾನದಲ್ಲೂ ಹಳೆಯ ಕಂಬಗಳು ತೋಳು ಕಳಚಿ ಕುಸಿದವು. ಇದರ ಜೊತೆಗೆ ಬಫೆಲ್ ಎಂಬ ಪರದೇಶದ ಹುಲ್ಲು ಗುಡ್ಡಗಳನ್ನು ಹಬ್ಬಿ ಬೆಂಕಿಗೆ ದಾರಿ ಮಾಡಿಕೊಡುತ್ತಿದೆ. ನಮ್ಮ ದೇಶದಲ್ಲಿ ಅಂಜನ್ ಎಂಬ ಹೆಸರಿನಿಂದ ಒಳ್ಳೆಯ ಮೇವೆನಿಸಿಕೊಂಡ ಹುಲ್ಲೇ ಅದು; ಕಾಳ್ಗಿಚ್ಚನ್ನರಿಯದ ಆ ಮರುಭೂಮಿಯಲ್ಲಿ ಮಾರಿಯಾಗಿ ನಿಂತಿದೆ.

ಕಿಟಕಿಯ ಬಳಿಯ ಕುಂಡವೊಂದು ಈ ಸಂಕಟವನ್ನು ಪರಿಹರಿಸುತ್ತದೆಯೆಂದು ಹೇಳಿದರೆ ಅದು ಆತ್ಮವಂಚನೆ. ಕುಂಡ ಮರುಭೂಮಿಯಲ್ಲ, ಬಾವಲಿಯಿಂದ, ಪಾರಿವಾಳದಿಂದ, ದಾದಿಮರದಿಂದ ಅಗಲಿದ ಒಂದು ಗಿಡ ವನವಾಗುವುದೂ ಇಲ್ಲ. ಆದರೆ ಬೀಜದಿಂದ ಬೆಳೆಸಿದ ಪ್ರತಿಯೊಂದು ಗಿಡ ಕಾಡಿನಿಂದ ಕಿತ್ತು ತಂದ ಗಿಡದ ಬೇಡಿಕೆಯನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ಸಗ್ವಾರೊಗಳನ್ನು ಕದಿಯುವವರಿದ್ದಾರೆ, ಅವರನ್ನು ಹಿಡಿಯಲೆಂದೇ ಉದ್ಯಾನದವರು ಗಿಡಗಳ ಒಡಲಲ್ಲಿ ಗುರುತಿನ ಚಿಪ್ಪುಗಳನ್ನು ಹುದುಗಿಸಿದ್ದುಂಟು. ಅಂಗಡಿಯಲ್ಲಿ ಆಳೆತ್ತರದ ಗಿಡವನ್ನು ಕೊಳ್ಳುವವನು ಅರ್ಧ ಶತಮಾನದ ಕಾಲವನ್ನು ದುಡ್ಡು ಕೊಟ್ಟು ಒಯ್ಯುತ್ತಾನೆ. ಅದು ಯಾರ ಕಾಲ, ಎಲ್ಲಿಂದ ಬಂತು ಎಂದು ಕೇಳುವ ಹೊಣೆ ಅವನ ಮೇಲಿದೆ. ಬೀಜ ಬಿತ್ತುವವನಾದರೋ ಆ ಕಾಲವನ್ನು ತಾನೇ ಕೊಡುತ್ತಾನೆ.

ಈ ಮಾತನ್ನು ವಿಶೇಷವಾಗಿ ಅಧ್ಯಾಪಕರ ಮುಂದಿಡಬೇಕೆನ್ನಿಸುತ್ತದೆ. ಶಾಲೆಗಳಲ್ಲಿ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಮೂರನೆಯ ದಿನ ಮೊಳಕೆಯನ್ನು ತೋರಿಸುತ್ತೇವೆ; ಮೊಳೆಯುವುದೇನೆಂದು ಮಕ್ಕಳಿಗೆ ತಿಳಿಯುತ್ತದೆ. ಬೆಳೆಯುವುದೇನೆಂದು ತಿಳಿಯಲು ಬೇರೆ ಪಾಠ ಬೇಕು. ಆ ಸೀಮೆಯ ಶಾಲೆಯೊಂದರಲ್ಲಿ ಇಂಥ ಕುಂಡವೊಂದಿದ್ದು, ಒಂದನೆಯ ತರಗತಿಯವರು ಬಿತ್ತಿದ್ದನ್ನು ಶಾಲೆ ಬಿಡುವಾಗ ಕಿರಿಯರ ಕೈಗೊಪ್ಪಿಸಿ ಹೋಗುವ ಪದ್ಧತಿ ನಡೆದರೆ, ಹೂವನ್ನು ನೋಡುವ ತಂಡ ಬಿತ್ತಿದವರ ಮುಖವನ್ನೇ ಕಂಡಿರುವುದಿಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಆ ಸಾಲಿನಲ್ಲಿ ನಿಲ್ಲಬಹುದು. ಋಣವೆಂಬ ಮಾತಿನ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸುವ ಪಠ್ಯಪುಸ್ತಕವನ್ನು ನಾವು ಬಲ್ಲೆವಿಲ್ಲ.

ಇನ್ನು ಗಾದೆಯ ಮಾತು. ಮೊಳಕೆಯಲ್ಲಿ ಸಿರಿ ಕಾಣುವ ಬೆಳೆಗಳು ಉಂಟು, ಅಂಥ ಮಕ್ಕಳೂ ಉಂಟು. ಅವರ ಮಟ್ಟಿಗೆ ಗಾದೆ ಉಳಿಯಲಿ. ಆದರೆ ಹತ್ತನೆಯ ವಯಸ್ಸಿಗೆ ಅಂಕಪಟ್ಟಿ ನೋಡಿ ಹುಡುಗನನ್ನು ತೂಗಿಬಿಡುವ, ಮೊದಲ ಸಂಕಲನ ನೋಡಿ ಕವಿಯನ್ನು ಮುಗಿಸಿಬಿಡುವ ನಮ್ಮ ಅವಸರಕ್ಕೆ ಅದು ಪ್ರಮಾಣವಾಕ್ಯವಾಗಬೇಕಿಲ್ಲ. ಎಂಟು ವರ್ಷದ ಸಗ್ವಾರೊವನ್ನು ಕಂಡು ಇದು ಬೆಳೆಯದೆಂದು ಕಿತ್ತೆಸೆದವನು ನಲವತ್ತು ಅಡಿಯ ಕಂಬವನ್ನೇ ಕಿತ್ತೆಸೆದಂತೆ. ತಾನು ಎಸೆದದ್ದೇನೆಂಬುದು ಅವನಿಗೆ ಎಂದಿಗೂ ತಿಳಿಯುವುದಿಲ್ಲ.