ದ್ವೀಪಕ್ಕೆ ಹೋಗೋಕೆ ಒಳ್ಳೇ ಮುಹೂರ್ತ ಯಾವುದು?

ಮಗಳ ಮದುವೆಗೆ ಮುಹೂರ್ತ ನೋಡ್ತೀವಿ, ಗೃಹಪ್ರವೇಶಕ್ಕೆ ನೋಡ್ತೀವಿ. ಹೊಸ ಫ್ರಿಜ್ ತರೋದಕ್ಕೂ ‘ಆಷಾಢ ಕಳೀಲಿ’ ಅಂತ ಕಾಯ್ತೀವಿ. ಆದ್ರೆ ವರ್ಷಗಟ್ಟಲೆ ಚೀಟಿ ಕಟ್ಟಿ, ಜೀವನದಲ್ಲಿ ಒಂದೇ ಒಂದು ಸಲ ಸಮುದ್ರ ದಾಟಿ ದ್ವೀಪ ನೋಡಿ ಬರೋಣ ಅಂತ ಹೊರಟಾಗ ಮಾತ್ರ, ಯಾವಾಗ ಹೋಗ್ಬೇಕು ಅನ್ನೋದನ್ನ ಬೇರೆ ಯಾರೋ ತೀರ್ಮಾನ ಮಾಡಿಬಿಡ್ತಾರೆ. ಯಜಮಾನರ ಆಫೀಸಿನ ರಜೆ, ಮಕ್ಕಳ ಪರೀಕ್ಷೆ, ಪ್ಯಾಕೇಜ್ ಟೂರಿನವನ ಡಿಸ್ಕೌಂಟು... ಇವೆಲ್ಲ ಕಳೆದು ಉಳಿದ ದಿನಗಳೇ ನಮಗೆ ‘ಒಳ್ಳೇ ಟೈಮು’. ಹೌದು ತಾನೇ?

ನಮ್ಮ ಬೀದಿಯಲ್ಲೇ ಇರುವ ಗೆಳತಿಯೊಬ್ಬರ ಕಥೆ ಕೇಳಿ. ಅಂಡಮಾನ್ ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಮನೆಖರ್ಚಿನಲ್ಲಿ ಉಳಿಸಿ ಉಳಿಸಿ ದುಡ್ಡು ಕೂಡಿಸಿದ್ರು. ಜುಲೈನಲ್ಲಿ ‘ಅರ್ಧ ರೇಟು’ ಅಂತ ಪ್ಯಾಕೇಜ್ ಬಂತು, ಮನೆಯವರೆಲ್ಲ ಹೊರಟೇಬಿಟ್ರು. ಐದು ದಿನದಲ್ಲಿ ಮೂರು ದಿನ ಬಿಡದೆ ಮಳೆ. ಸಮುದ್ರ ಒರಟಾಗಿದೆ ಅಂತ ಹಡಗು ಬಿಡಲೇ ಇಲ್ಲ. ಹೋಟೆಲ್ ರೂಮಿನಲ್ಲಿ ಟೀವಿ ನೋಡ್ಕೊಂಡು, ಚಿಪ್ಸ್ ತಿನ್ಕೊಂಡು ವಾಪಸ್ ಬಂದ್ರು. ಅದಕ್ಕಿಂತ ನೋವಾಗಿದ್ದು ಆಮೇಲೆ ಕೇಳಬೇಕಾಗಿ ಬಂದ ಮಾತು: ‘ನೋಡಿದ್ಯಾ, ದುಡ್ಡೆಲ್ಲ ನೀರಲ್ಲಿ ಹೋಮ.’ ಅಲ್ಲಿಂದಾಚೆಗೆ ಆಕೆ ಪ್ರವಾಸ ಅನ್ನೋ ಪದವನ್ನೇ ಎತ್ತುತ್ತಿರಲಿಲ್ಲ. ತಪ್ಪು ಆಸೆಯದ್ದಲ್ಲ, ತಿಂಗಳಿನದ್ದು!

ಅದಕ್ಕೇ ಈ ವಾರ ಇದೇ ವಿಷಯ. ಅಂಡಮಾನನ್ನೇ ಉದಾಹರಣೆಗೆ ಇಟ್ಕೊಳ್ಳೋಣ. ಒಂದು ಕಾಲಕ್ಕೆ ‘ಕರಿನೀರಿನ ಶಿಕ್ಷೆ’ ಅಂತ ಹೆದರಿಸ್ತಿದ್ದ ಊರು, ಈಗ ನಮ್ಮ ಮಧುಚಂದ್ರದ ಜೋಡಿಗಳಿಗೂ ನಿವೃತ್ತಿಯಾದವರಿಗೂ ಅಚ್ಚುಮೆಚ್ಚು. ಪಾಸ್‌ಪೋರ್ಟ್ ಬೇಡ, ನಮ್ಮದೇ ದೇಶ. ಹೆಸರು ಮಾತ್ರ ಬದಲಾಗಿವೆ. ಹ್ಯಾವ್‌ಲಾಕ್ ದ್ವೀಪ 2018ರಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯ್ತು. ಬುಕ್ ಮಾಡೋವಾಗ ಎರಡು ಹೆಸರೂ ನೆನಪಿರಲಿ.

ಆಕಾಶ ಏನು ಹೇಳುತ್ತೆ?

ಅಲ್ಲಿ ಚಳಿಗಾಲ, ಬೇಸಿಗೆ ಅನ್ನೋ ದೊಡ್ಡ ವ್ಯತ್ಯಾಸ ಇಲ್ಲ. ವರ್ಷಪೂರ್ತಿ 23ರಿಂದ 31 ಡಿಗ್ರಿ ಆಸುಪಾಸು. ಸ್ವೆಟರ್ ಬೇಡ, ಹತ್ತಿ ಬಟ್ಟೆ ಸಾಕು. ಎಲ್ಲ ನಿಂತಿರೋದು ಮಳೆ ಮತ್ತು ಸಮುದ್ರದ ಮೇಲೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆ ಆದ್ರೆ, ಅಲ್ಲಿ ಸುಮಾರು 3,000 ಮಿ.ಮೀ.! ಕಾರಣ, ಅದಕ್ಕೆ ಎರಡು ಮುಂಗಾರಿನ ಹೊಡೆತ. ನೈಋತ್ಯ ಮುಂಗಾರು ಕೇರಳಕ್ಕೆ ಬರೋದಕ್ಕೂ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಅಂಡಮಾನಿಗೆ ಕಾಲಿಡುತ್ತೆ. ಸೆಪ್ಟೆಂಬರ್‌ವರೆಗೂ ಸುರಿಯುತ್ತೆ. ಅದು ಹೋಯ್ತು ಅನ್ನುವಷ್ಟರಲ್ಲಿ ಈಶಾನ್ಯದ ಹಿಂಗಾರು. ಅಕ್ಟೋಬರ್, ನವೆಂಬರ್‌ನಲ್ಲೂ ಮೋಡ ಕವೀತಾ ಇರುತ್ತೆ.

ಹಾಗಾಗಿ ಕಣ್ಣುಮುಚ್ಚಿ ಹೇಳೋದಾದ್ರೆ, ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೇ ಕಾಲ. ಅದ್ರಲ್ಲೂ ಫೆಬ್ರವರಿ, ಮಾರ್ಚ್ ಅಂದ್ರೆ ಸಮುದ್ರ ಎಣ್ಣೆ ಸುರಿದ ಹಾಗೆ ಶಾಂತ. ನೀರು ತಿಳಿಯಾಗಿರೋದ್ರಿಂದ ಹವಳ, ಬಣ್ಣಬಣ್ಣದ ಮೀನು ಚೆನ್ನಾಗಿ ಕಾಣುತ್ತೆ. ಡಿಸೆಂಬರ್ ಕೂಡ ಚೆಂದವೇ. ಆದ್ರೆ ಕ್ರಿಸ್‌ಮಸ್, ಹೊಸ ವರ್ಷದ ವಾರದಲ್ಲಿ ಟಿಕೆಟ್ಟು, ರೂಮು ಎರಡೂ ಗಗನಕ್ಕೆ. ಜೊತೆಗೆ ಚಂಡಮಾರುತದ ಕಾಲ ಪೂರ್ತಿ ಮುಗಿದಿರಲ್ಲ. 2016ರ ಡಿಸೆಂಬರ್ ಮೊದಲ ವಾರದಲ್ಲಿ ವಾಯುಭಾರ ಕುಸಿತದಿಂದ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಿಕ್ಕಿಹಾಕಿಕೊಂಡಿದ್ರು. ಕೊನೆಗೆ ಅವರನ್ನ ಕರೆತರೋಕೆ ನೌಕಾಪಡೆಯ ಹಡಗುಗಳೇ ಹೋಗ್ಬೇಕಾಯ್ತು.

ಮನೆ ಏನು ಹೇಳುತ್ತೆ?

‘ಫೆಬ್ರವರಿಯಲ್ಲಿ ಹೋಗಿ ಅಂತ ಸುಲಭವಾಗಿ ಹೇಳ್ಬಿಟ್ರಿ, ಮಗನ ಪರೀಕ್ಷೆ ಯಾರು ನೋಡ್ಕೋತಾರೆ?’ ಅಂತ ನೀವು ಕೇಳೇ ಕೇಳ್ತೀರಿ. ಸರಿಯಾದ ಪ್ರಶ್ನೆ. ಹಾಗಾಗಿ ಮನೆಮನೆಗೂ ಒಂದೊಂದು ಲೆಕ್ಕ.

ಶಾಲೆಗೆ ಹೋಗೋ ಮಕ್ಕಳಿದ್ರೆ, ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾದ ಕೂಡಲೇ, ಏಪ್ರಿಲ್ ಎರಡನೇ ವಾರದಲ್ಲಿ ಹೊರಟುಬಿಡಿ. ಸ್ವಲ್ಪ ಸೆಕೆ, ಬೆವರು ಇರುತ್ತೆ, ಆದ್ರೆ ಸಮುದ್ರ ಇನ್ನೂ ಶಾಂತ. ‘ಅಜ್ಜಿ ಮನೆಗೆ ಹೋಗಿ ಬಂದು ಮೇ ಕೊನೆಯಲ್ಲಿ ನೋಡೋಣ’ ಅಂದ್ರೋ, ಮಳೆ ನಿಮಗಿಂತ ಮುಂಚೆ ಅಲ್ಲಿ ಬಂದು ಕೂತಿರುತ್ತೆ!

ದಸರಾ ರಜೆ ನೋಡೋಕೆ ಅನುಕೂಲ ಅನ್ನಿಸುತ್ತೆ. ಆದ್ರೆ ಅಕ್ಟೋಬರ್‌ನಲ್ಲಿ ಅಲ್ಲಿ ಅದೃಷ್ಟದ ಆಟ. ಒಂದು ದಿನ ಬಿಸಿಲು, ಮಾರನೇ ದಿನ ಜಡಿಮಳೆ. ಹೋಗಲೇಬೇಕು ಅಂದ್ರೆ ಒಂದೆರಡು ದಿನ ಹೆಚ್ಚಿಗೆ ಇಟ್ಕೊಂಡು ಹೋಗಿ.

ಮಕ್ಕಳೆಲ್ಲ ದೊಡ್ಡವರಾಗಿ, ನೀವಿಬ್ಬರೇ ಇದ್ದೀರಾ? ಅಥವಾ ಮಂಡಿನೋವಿನ ಅತ್ತೆ-ಮಾವನೂ ಜೊತೆಗಿದ್ದಾರಾ? ಹಾಗಾದ್ರೆ ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚಿ ಮುಗಿಸಿ ಹೊರಡಿ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹೊಸ ವರ್ಷದ ಗದ್ದಲ ಕರಗಿರುತ್ತೆ. ಅಲೆ ಕಡಿಮೆ ಇರೋದ್ರಿಂದ ವಯಸ್ಸಾದವರಿಗೆ ದೋಣಿ ಹತ್ತಿ ಇಳಿಯೋದೂ ಸಲೀಸು, ವಾಂತಿಯ ಕಾಟವೂ ಕಮ್ಮಿ.

ಇನ್ನು ಆ ‘ಅರ್ಧ ರೇಟು’. ಅದು ಯಾಕೆ ಅರ್ಧ ಅಂತ ಮೊದಲು ಕೇಳಿ. ಮಳೆಗಾಲದಲ್ಲಿ ಹಡಗು ರದ್ದಾಗಬಹುದು, ಸ್ಕೂಬಾ, ಗಾಜಿನ ತಳದ ದೋಣಿ ನಿಲ್ಲಬಹುದು. ರದ್ದಾದ್ರೆ ದುಡ್ಡು ವಾಪಸ್ ಕೊಡ್ತಾರಾ? ಬರವಣಿಗೆಯಲ್ಲಿ ಕೊಡ್ತಾರಾ? ಬಾಯಿಮಾತಿಗೆ ‘ಆಯ್ತು ಮೇಡಂ’ ಅಂದ್ರೆ ನಂಬ್ಕೋಬೇಡಿ. ಸೆಲ್ಯುಲರ್ ಜೈಲು ನೋಡ್ತೀವಿ, ಮಳೆ ನೋಡ್ತಾ ಬಿಸಿ ಕಾಫಿ ಕುಡೀತಾ ಸುಮ್ಮನೆ ಕೂರ್ತೀವಿ, ಅಷ್ಟೇ ಸಾಕು ಅನ್ನೋರಿಗೆ ಮಾತ್ರ ಅದು ಲಾಭ.

ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ

ಇದು ಬಹಳ ಟೂರಿನವರು ಹೇಳದ ಗುಟ್ಟು. ಅಡುಗೆಮನೆ ಗೋಡೆಗೆ ನೇತು ಹಾಕಿದ್ದೀರಲ್ಲ, ಹುಣ್ಣಿಮೆ-ಅಮಾವಾಸ್ಯೆ ಗುರುತಿರೋ ಕ್ಯಾಲೆಂಡರು, ಅದು ಇಲ್ಲೂ ಕೆಲಸಕ್ಕೆ ಬರುತ್ತೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಸಮುದ್ರದ ಉಬ್ಬರ ಜೋರು, ಇಳಿತವೂ ಜೋರು. ಶಹೀದ್ ದ್ವೀಪದಲ್ಲಿರೋ ಕಲ್ಲಿನ ನೈಸರ್ಗಿಕ ಸೇತುವೆಯ ಹತ್ತಿರ ಹೋಗೋಕೆ ಆಗೋದು ನೀರು ಇಳಿದಾಗಲೇ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರುತ್ತೆ. ಹಾಗಾಗಿ ಹೋದ ತಕ್ಷಣ ಹೋಟೆಲ್‌ನವರ ಹತ್ರ ‘ನೀರು ಇಳಿಯೋದು ಎಷ್ಟು ಗಂಟೆಗೆ?’ ಅಂತ ಕೇಳಿ. ರಾತ್ರಿ ಕಡಲಿನ ನೀರು ಮಿಣುಕು ಹುಳದ ಹಾಗೆ ಮಿನುಗೋದನ್ನ ನೋಡೋ ಆಸೆಯಿದ್ರೆ ಅಮಾವಾಸ್ಯೆ ಹತ್ತಿರದ ದಿನ ಆರಿಸಿ, ಬೆಳದಿಂಗಳಲ್ಲಿ ಅದು ಕಾಣಿಸಲ್ಲ.

ನಿಮ್ಮ ಇನ್ನೊಂದು ಕ್ಯಾಲೆಂಡರೂ ಇದೆ. ಸಂಕೋಚ ಯಾಕೆ? ಟಿಕೆಟ್ ಮಾಡಿಸೋವಾಗ ನಿಮ್ಮ ‘ಡೇಟ್’ ಯಾವಾಗ ಅಂತ ಮೊದಲೇ ಲೆಕ್ಕ ಹಾಕಿ, ಬಾಯಿಬಿಟ್ಟು ಹೇಳಿ. ಎಲ್ಲರೂ ನೀರಿಗಿಳಿದಾಗ ನೀವು ದಡದಲ್ಲಿ ಚಪ್ಪಲಿ, ಬ್ಯಾಗು ಕಾಯ್ತಾ ಕೂರೋದು ಯಾಕೆ? ಹಾಗಂತ ಪಕ್ಕದ ಮನೆಯವರು ಹೇಳಿದ ಮಾತ್ರೆ ನುಂಗಿ ಮುಂದೂಡೋ ಸಾಹಸ ಬೇಡ. ಬೇಕೇ ಬೇಕಾದ್ರೆ ಡಾಕ್ಟರನ್ನ ಕಂಡು ಕೇಳಿ. ಮೈಗ್ರೇನ್, ಬಿ.ಪಿ., ರಕ್ತ ಹೆಪ್ಪುಗಟ್ಟುವ ತೊಂದರೆ ಇರೋರು ಇದನ್ನ ಅವರಿಗೆ ತಪ್ಪದೆ ತಿಳಿಸಿ.

ನೆನಪಿರಲಿ

* ಕೊನೆಯ ರಾತ್ರಿ ಶ್ರೀ ವಿಜಯ ಪುರಂನಲ್ಲೇ ಇರಿ. ಸ್ವರಾಜ್ ದ್ವೀಪದಿಂದ ಹಡಗಿನಲ್ಲಿ ಬಂದು ಅದೇ ದಿನ ವಿಮಾನ ಹತ್ತೋ ಲೆಕ್ಕಾಚಾರ ಬೇಡ. ಹಡಗು ತಪ್ಪಿದ್ರೆ ವಿಮಾನವೂ ಹೋಯ್ತು!

* ಸ್ಕೂಬಾ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಅದನ್ನ ಪ್ರವಾಸದ ಮೊದಲ ದಿನಗಳಲ್ಲೇ ಮುಗಿಸಿ.

* ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗ್ತಾನೆ. ಸೂರ್ಯೋದಯವೂ ನಮಗಿಂತ ಬೇಗ. ಬೆಳಗ್ಗೆ ಬೇಗ ಎದ್ದವರಿಗೇ ದಿನ ಸಿಗೋದು.

* ಜೀವರಕ್ಷಕರು ‘ಇಲ್ಲಿ ಇಳೀಬೇಡಿ’ ಅಂದ ಕಡೆ ಇಳೀಬೇಡಿ. ಆ ನೀರಿನಲ್ಲಿ ಮೊಸಳೆಗಳೂ ಇವೆ.

* ಹವಳದ ಚೂರು, ಚೆಂದದ ಚಿಪ್ಪು ಅಂತ ಬ್ಯಾಗಿಗೆ ಹಾಕ್ಕೋಬೇಡಿ. ಕಾನೂನು ಒಪ್ಪಲ್ಲ, ವಿಮಾನ ನಿಲ್ದಾಣದಲ್ಲಿ ಕಿತ್ಕೋತಾರೆ.

* ಹೊರಡೋ ಹಿಂದಿನ ವಾರ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ‘ದುಡ್ಡು ಕಟ್ಟಾಗಿದೆ’ ಅಂತ ಎಚ್ಚರಿಕೆಯನ್ನ ಕಡೆಗಣಿಸಬೇಡಿ.

ಇಷ್ಟೆಲ್ಲ ಹೇಳಿದ್ದು ಯಾಕೆ ಗೊತ್ತಾ? ಒಳ್ಳೇ ಟೈಮು ಅನ್ನೋದು ಅರ್ಧ ಆಕಾಶದಲ್ಲಿದ್ರೆ, ಇನ್ನರ್ಧ ನಮ್ಮ ಮನೆಯ ಊಟದ ಮೇಜಿನ ಮೇಲಿದೆ. ಮನೆಯಲ್ಲಿ ತಾರೀಖು ತೀರ್ಮಾನ ಆಗೋವಾಗ ನೀವು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸ್ತಾ ಇರಬೇಡಿ. ಬಂದು ಕೂತ್ಕೊಳ್ಳಿ. ‘ಈ ತಿಂಗಳು ಬೇಡ, ಮಳೆ. ಆ ವಾರ ಬೇಡ, ನನಗಾಗಲ್ಲ. ಈ ವಾರ ಸರಿ’ ಅಂತ ಕಾರಣ ಸಮೇತ ಹೇಳಿ. ಜಗಳ ಬೇಕಿಲ್ಲ, ಲೆಕ್ಕ ಇದ್ರೆ ಸಾಕು. ಕೂಡಿಸಿಟ್ಟ ದುಡ್ಡಲ್ಲಿ ನಿಮ್ಮ ಪಾಲೂ ಇದೆ ಅಂದ್ಮೇಲೆ ತಾರೀಖಿನಲ್ಲೂ ನಿಮ್ಮ ಪಾಲು ಇರಲೇಬೇಕು.

ಅಂದಹಾಗೆ, ನಮ್ಮ ಬೀದಿಯ ಆ ಗೆಳತಿ ಮತ್ತೆ ಚೀಟಿ ಕಟ್ಟೋಕೆ ಶುರುಮಾಡಿದ್ದಾರೆ. ಮೊನ್ನೆ ಮೊಸರಿಗೆ ಹೆಪ್ಪು ಕೇಳೋಕೆ ಅವರ ಮನೆಗೆ ಹೋದಾಗ ನೋಡಿದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಫೆಬ್ರವರಿಯ ಐದು ದಿನಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿತ್ತು. ಹಾಕಿದ್ದು ಯಾರು ಅಂತ ನಾನು ಕೇಳಲಿಲ್ಲ, ಅವರ ಮುಖ ನೋಡಿದ್ರೇ ಗೊತ್ತಾಗ್ತಿತ್ತು!