ಗುಂಪಿನ ನಡುವೆ ವ್ಯಕ್ತಿಯ ಅರಿವು

2018ರ ಜುಲೈ 1, ಭಾನುವಾರ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ವಾರದ ಸಂತೆ ನೆರೆದಿತ್ತು. ಊರೂರು ಅಲೆದು ಭಿಕ್ಷೆ ಬೇಡಿ ಬದುಕುವ ನಾಥಪಂಥಿ ದವರಿ ಗೋಸಾವಿ ಸಮುದಾಯದ ಐವರು ಅಲ್ಲಿಗೆ ಬಂದಿದ್ದರು. ಇವರು ಮಕ್ಕಳ ಕಳ್ಳರೆಂಬ ಸಂಶಯದ ಮಾತು ಹಬ್ಬಿತು. ನೋಡನೋಡುತ್ತಿದ್ದಂತೆ ಜನ ಮುತ್ತಿಕೊಂಡರು. ಐವರನ್ನೂ ಗ್ರಾಮ ಪಂಚಾಯಿತಿ ಕಚೇರಿಯ ಕೋಣೆಯಲ್ಲಿ ಕೂಡಿಹಾಕಿ ಬಡಿದು ಕೊಂದರು. ಹನ್ನೆರಡು ದಿನಗಳ ತರುವಾಯ, ಜುಲೈ 13ರಂದು, ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಅಂಥದೇ ಘೋರ ನಡೆಯಿತು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಕಂಡ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಕೊಟ್ಟಿದ್ದರು. ಅಷ್ಟಕ್ಕೇ ಮಕ್ಕಳ ಕಳ್ಳರೆಂಬ ಸುದ್ದಿ ಮೊಬೈಲುಗಳಲ್ಲಿ ಅವರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಅವರ ಕಾರನ್ನು ತಡೆದ ಜನಸಮೂಹ ಮನಬಂದಂತೆ ಥಳಿಸಿತು. ಬಿಡಿಸಲು ಬಂದ ಪೊಲೀಸರೂ ಗಾಯಗೊಂಡರು. ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ.

ರಾಯಿನ್‌ಪಾಡಾದಲ್ಲಿ ಹತರಾದವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮುನ್ನ ಕರಣಿಕ ಕಾಯಕದಲ್ಲಿದ್ದ ಊರೆಂದು ಪರಂಪರೆ ನೆನೆಯುವ ಸ್ಥಳ ಅದು. ಮುರ್ಕಿ ಇರುವ ಬೀದರ್ ಜಿಲ್ಲೆಯಲ್ಲಿಯೇ ಬಸವಕಲ್ಯಾಣವಿದೆ. ಮಂಗಳವೇಢೆಯಿಂದ ಕಲ್ಯಾಣದವರೆಗೆ ದಯೆಯನ್ನು ಧರ್ಮದ ಮೂಲವೆಂದು ಸಾರಿದ ನೆಲದಲ್ಲಿ ಭಿಕ್ಷುಕರಿಗೂ ಅತಿಥಿಗಳಿಗೂ ಇಂಥ ಗತಿ ಬಂದಿತೆಂಬುದನ್ನು ಶರಣ ಪರಂಪರೆಯ ವಾರಸುದಾರರಾದ ನಾವು ಪರರ ಸುದ್ದಿಯೆಂದು ಓದಿ ಮರೆಯಲಾಗದು.

ಇಂಥ ಸುದ್ದಿ ಓದಿದಾಗಲೆಲ್ಲ ನಾವು "ಎಂಥ ಕ್ರೂರಿಗಳು!" ಎಂದು ಉದ್ಗರಿಸುತ್ತೇವೆ. ಆದರೆ ಆ ಗುಂಪುಗಳಲ್ಲಿ ಇದ್ದವರು ವೃತ್ತಿಪರ ಕೊಲೆಗಡುಕರಲ್ಲ. ಹೊಲ ಉಳುವವರು, ಅಂಗಡಿ ನಡೆಸುವವರು, ಸಂತೆಗೆ ಬಂದವರು, ಮಕ್ಕಳ ತಂದೆಯರು. ಒಬ್ಬೊಬ್ಬರಾಗಿ ಕಂಡರೆ ನೀರು ಕೊಟ್ಟು ದಾರಿ ತೋರಿಸಬಹುದಾದ ಜನ ಒಟ್ಟುಗೂಡಿದಾಗ ಹೀಗೇಕೆ ಆದರು? ಈ ಪ್ರಶ್ನೆಯನ್ನು ಸಮಾಜ ಮನೋವಿಜ್ಞಾನವು ಕಳೆದ ಶತಮಾನದಲ್ಲಿ ಆಳವಾಗಿ ಪರಿಶೀಲಿಸಿದೆ. ಅದು ಕಂಡುಕೊಂಡದ್ದರಲ್ಲಿ ಎಚ್ಚರಿಕೆಯೂ ಇದೆ, ಭರವಸೆಯೂ ಇದೆ.

ಕಣ್ಣಿಗೆ ಕಂಡದ್ದನ್ನೂ ಅಲ್ಲಗಳೆಯುವ ಮನಸ್ಸು

ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಸಾಲೊಮನ್ ಆಶ್ ಎಂಬ ಯಹೂದಿ ವಿದ್ವಾಂಸ ತನ್ನ ಬಾಲ್ಯದ ಒಂದು ಪ್ರಸಂಗವನ್ನು ನೆನೆಯುತ್ತಿದ್ದ. ಪಾಸ್‌ಓವರ್ ಹಬ್ಬದ ರಾತ್ರಿ ಅವನ ಅಜ್ಜಿ ಪ್ರವಾದಿ ಎಲೀಯನಿಗೆಂದು ಒಂದು ಬಟ್ಟಲು ದ್ರಾಕ್ಷಾರಸವನ್ನು ತುಂಬಿಟ್ಟರು. ಪ್ರವಾದಿ ಬಂದು ಗುಟುಕರಿಸುತ್ತಾನೆ, ಬಟ್ಟಲನ್ನೇ ನೋಡುತ್ತಿರು ಎಂದರು ಚಿಕ್ಕಪ್ಪ. ಏಳು ವರ್ಷದ ಹುಡುಗ ದಿಟ್ಟಿಸಿ ನೋಡಿದ. ರಸದ ಮಟ್ಟ ತುಸು ಇಳಿದಂತೆ ಅವನಿಗೆ ಕಂಡೇಬಿಟ್ಟಿತು! ಹಿರಿಯರ ಮಾತು ಕಣ್ಣಿನ ನೋಟವನ್ನೂ ತಿದ್ದಬಲ್ಲುದೆಂಬ ಕುತೂಹಲ ಅವನೊಳಗೆ ಉಳಿದುಕೊಂಡಿತು.

1950ರ ದಶಕದಲ್ಲಿ ಆಶ್ ಒಂದು ಸರಳ ಪ್ರಯೋಗ ಮಾಡಿದ. ಒಂದು ಕಾರ್ಡಿನ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಬೇರೆ ಬೇರೆ ಉದ್ದದ ಮೂರು ಗೆರೆಗಳು. ಮೊದಲ ಗೆರೆಗೆ ಸಮನಾದುದು ಯಾವುದೆಂದು ಹೇಳಬೇಕು. ಚಿಕ್ಕ ಮಗುವೂ ಹೇಳಬಲ್ಲ ಉತ್ತರ. ಆದರೆ ಕೋಣೆಯಲ್ಲಿದ್ದವರಲ್ಲಿ ನಿಜವಾದ ಪರೀಕ್ಷಾರ್ಥಿ ಒಬ್ಬನೇ. ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಒಂದೇ ದನಿಯಲ್ಲಿ ತಪ್ಪು ಉತ್ತರ ಕೊಡುವವರು. ಒಟ್ಟು ಉತ್ತರಗಳಲ್ಲಿ ಮೂರನೆಯ ಒಂದು ಭಾಗಕ್ಕೂ ತುಸು ಹೆಚ್ಚು ಸಲ ಆ ಒಬ್ಬ ವಿದ್ಯಾರ್ಥಿ ಗುಂಪಿನ ತಪ್ಪಿಗೆ ತಲೆಯಾಡಿಸಿದ. ಹತ್ತಿರಹತ್ತಿರ ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಹಾಗೆ ಬಾಗಿದರು. ಯಾರೂ ಬೆದರಿಸಿರಲಿಲ್ಲ, ಆಮಿಷ ಒಡ್ಡಿರಲಿಲ್ಲ. ತಾನೊಬ್ಬನೇ ಬೇರೆಯಾಗುವ ಮುಜುಗರವೇ ಸಾಕಾಯಿತು.

ಇದೇ ಪ್ರಯೋಗದ ಮತ್ತೊಂದು ಭಾಗ ನಮಗೆ ಇನ್ನೂ ಮುಖ್ಯವಾದುದು. ಗುಂಪಿನಲ್ಲಿ ಸರಿಯುತ್ತರ ಹೇಳುವ ಇನ್ನೊಬ್ಬನನ್ನು ಕೂರಿಸಿದಾಗ ಒತ್ತಡವು ಹಿಂದಿನ ಕಾಲು ಭಾಗಕ್ಕೆ ಇಳಿಯಿತು. ಗುಂಪಿನ ಬಲವು ಅದರ ಸಂಖ್ಯೆಗಿಂತ ಹೆಚ್ಚಾಗಿ ಅದರ ಒಮ್ಮತದಲ್ಲಿದೆ. ಆ ಒಮ್ಮತವನ್ನು ಮುರಿಯಲು ಒಬ್ಬ ಸಾಕು.

1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಮ್ ಆರಂಭಿಸಿದ ಪ್ರಯೋಗಗಳೂ ಇದನ್ನೇ ಹೇಳಿದವು. ಪಾಠ ತಪ್ಪಿದವನಿಗೆ ಹೆಚ್ಚು ಹೆಚ್ಚು ವಿದ್ಯುತ್ ಆಘಾತ ಕೊಡಬೇಕೆಂಬ ಆಣತಿಗೆ 40 ಮಂದಿಯಲ್ಲಿ 26 ಮಂದಿ ಕೊನೆಯ ಹಂತದವರೆಗೂ ತಲೆಬಾಗಿದರು. ಆಘಾತ ನಿಜವಾದುದಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಆದರೆ ಜೊತೆಯಲ್ಲಿ ಕುಳಿತಿದ್ದ ಇಬ್ಬರು "ನಾವು ಮುಂದುವರಿಸುವುದಿಲ್ಲ" ಎಂದು ಎದ್ದುಹೋದ ಸಂದರ್ಭದಲ್ಲಿ 40ರಲ್ಲಿ ನಾಲ್ವರು ಮಾತ್ರ ಕೊನೆ ಮುಟ್ಟಿದರು.

ಹಂಚಿಹೋಗುವ ಹೊಣೆ

ಗುಂಪು ತಪ್ಪು ಮಾಡಿಸುವುದಷ್ಟೇ ಅಲ್ಲ, ಮಾಡಬೇಕಾದ ಒಳ್ಳೆಯದನ್ನೂ ತಡೆಯುತ್ತದೆ. 1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಸಂಶೋಧಕರು ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ ಗೋಡೆಯ ಸಂದಿನಿಂದ ಹೊಗೆ ಬಿಟ್ಟರು. ಒಂಟಿಯಾಗಿದ್ದವರಲ್ಲಿ ಶೇ. 75ರಷ್ಟು ಮಂದಿ ಎದ್ದುಹೋಗಿ ತಿಳಿಸಿದರು. ಹೊಗೆಯನ್ನು ಲೆಕ್ಕಿಸದೆ ಸುಮ್ಮನಿರುವ ಇಬ್ಬರ ನಡುವೆ ಕುಳಿತವರಲ್ಲಿ ಶೇ. 10ರಷ್ಟು ಮಂದಿ ಮಾತ್ರ ತಿಳಿಸಿದರು. ಉಳಿದವರು ಹೊಗೆಯಲ್ಲಿ ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ ಕುಳಿತೇ ಇದ್ದರು. ಇವನೂ ಸುಮ್ಮನಿದ್ದಾನೆ, ಅವನೂ ಸುಮ್ಮನಿದ್ದಾನೆ, ಆದ್ದರಿಂದ ಅಪಾಯವಿರಲಾರದೆಂದು ಪ್ರತಿಯೊಬ್ಬನೂ ತಿಳಿದ.

ರಸ್ತೆಯಲ್ಲಿ ಅಪಘಾತವಾದಾಗ ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸುವ ನಮ್ಮ ಜನರನ್ನು ನೆನೆಯಿರಿ. ಅವರೆಲ್ಲ ಹೃದಯಹೀನರಲ್ಲ. ಬೇರೆ ಯಾರೋ ಆಗಲೇ ಆಂಬುಲೆನ್ಸಿಗೆ ಕರೆ ಮಾಡಿರುತ್ತಾರೆಂದು ಒಬ್ಬೊಬ್ಬರೂ ನಂಬಿರುತ್ತಾರೆ. ಹತ್ತು ಜನರಲ್ಲಿ ಹಂಚಿಹೋದ ಹೊಣೆ ಯಾರ ಹೆಗಲ ಮೇಲೂ ಉಳಿಯುವುದಿಲ್ಲ.

ಗುಂಪು ಬುದ್ಧಿಗೆಟ್ಟ ಮೃಗವೆ?

ಗುಂಪಿಗೆ ಸೇರಿದ ಮನುಷ್ಯ ಬುದ್ಧಿ ಕಳೆದುಕೊಂಡು ಮೃಗವಾಗುತ್ತಾನೆಂದು ಫ್ರಾನ್ಸಿನ ಗುಸ್ತಾವ್ ಲ ಬಾನ್ 1895ರಲ್ಲಿಯೇ ಬರೆದಿದ್ದ. ಇಂದಿಗೂ ಅನೇಕರು ಹಾಗೆಯೇ ನಂಬಿದ್ದಾರೆ. ಆದರೆ 1980ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನಡೆದ ಗಲಭೆಯನ್ನು ಅಧ್ಯಯನ ಮಾಡಿದ ಸ್ಟೀಫನ್ ರೈಕರ್ ಬೇರೊಂದು ಸತ್ಯವನ್ನು ಕಂಡರು. ಆ ಗುಂಪು ಕುರುಡಾಗಿ ಕಂಡಕಂಡದ್ದನ್ನೆಲ್ಲ ಹೊಡೆಯಲಿಲ್ಲ. ನಾವು ಯಾರು, ನಮ್ಮ ವೈರಿ ಯಾರು ಎಂಬ ತನ್ನ ಕಲ್ಪನೆಗೆ ತಕ್ಕಂತೆ ನಡೆದುಕೊಂಡಿತು. ಯಾರನ್ನು ಹೊಡೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಮಿತಿಯೂ ಅದಕ್ಕಿತ್ತು.

ಮುರ್ಕಿಯನ್ನು ಈ ಬೆಳಕಿನಲ್ಲಿ ನೋಡಿದರೆ ನಮ್ಮ ನಿದ್ರೆ ಕೆಡಬೇಕು. ಅಲ್ಲಿ ಸೇರಿದವರು ತಾವು ಪಾಪ ಮಾಡುತ್ತಿದ್ದೇವೆಂದು ತಿಳಿದಿರಲಿಲ್ಲ. ಊರ ಮಕ್ಕಳನ್ನು ಉಳಿಸುತ್ತಿದ್ದೇವೆಂದು ತಿಳಿದಿದ್ದರು. ಗುಂಪು ಅವರ ಬುದ್ಧಿಯನ್ನು ಅಳಿಸಲಿಲ್ಲ, ಸುಳ್ಳೊಂದಕ್ಕೆ ಧರ್ಮದ ಬಟ್ಟೆ ತೊಡಿಸಿತು. ನಮ್ಮವರನ್ನು ರಕ್ಷಿಸುವ ಕೆಲಸವಿದು ಎಂಬ ಭಾವ ಬಂದೊಡನೆ ಸಜ್ಜನನೂ ಕೈಯೆತ್ತಬಲ್ಲ. ಆದ್ದರಿಂದ ಗುಂಪಿನಲ್ಲಿದ್ದಾಗ ನಮ್ಮ ಕೋಪದಷ್ಟೇ ನಮ್ಮ ಸದುದ್ದೇಶವನ್ನೂ ಪರೀಕ್ಷಿಸಿಕೊಳ್ಳಬೇಕು.

ಅಂಗೈಯಲ್ಲಿರುವ ಸಂತೆ

ಹಿಂದೆ ಗುಂಪು ಸೇರಲು ಸಂತೆಯೋ ಜಾತ್ರೆಯೋ ಬೇಕಿತ್ತು. ಈಗ ಅದು ಪ್ರತಿಯೊಬ್ಬರ ಅಂಗೈಯಲ್ಲಿದೆ. 2018ರಲ್ಲಿ ದೇಶದಾದ್ಯಂತ ಹರಿದಾಡಿದ ಒಂದು ದೃಶ್ಯದಲ್ಲಿ ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿ ಯಾರೋ ಹರಿಯಬಿಟ್ಟರು. ಕತ್ತರಿಸಿದವನು ಒಬ್ಬ; ಮುಂದಕ್ಕೆ ಕಳುಹಿಸಿದವರು ಲೆಕ್ಕವಿಲ್ಲದಷ್ಟು. ಅವರಲ್ಲಿ ಎಷ್ಟೋ ಜನ ಒಳ್ಳೆಯದಾಗಲೆಂದೇ ಕಳುಹಿಸಿದರು.

ಆ ಜುಲೈ ತಿಂಗಳಲ್ಲೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹಾಕಲು ಮುಂದಾಯಿತು. ಜುಲೈ 17ರಂದು ಸರ್ವೋಚ್ಚ ನ್ಯಾಯಾಲಯವು ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ನಿರ್ದೇಶಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮು ಜಾತಿ, ಸಮುದಾಯ, ಭಾಷೆ, ಹುಟ್ಟಿದ ಸ್ಥಳ ಮೊದಲಾದ ಕಾರಣಗಳಿಂದ ಐವರು ಅಥವಾ ಹೆಚ್ಚು ಜನ ಸೇರಿ ಮಾಡುವ ಕೊಲೆಗೆ ಮರಣದಂಡನೆ ಇಲ್ಲವೆ ಜೀವಾವಧಿ ಶಿಕ್ಷೆ ವಿಧಿಸುತ್ತದೆ. 190ನೆಯ ಕಲಮಿನ ಪ್ರಕಾರ ಕಾನೂನುಬಾಹಿರ ಕೂಟದ ಸಮಾನ ಉದ್ದೇಶದಿಂದ ನಡೆದ ಅಪರಾಧಕ್ಕೆ ಅದರ ಪ್ರತಿಯೊಬ್ಬ ಸದಸ್ಯನೂ ಹೊಣೆ. "ನಾನು ಹೊಡೆಯಲಿಲ್ಲ, ಜೊತೆಗಿದ್ದೆ ಅಷ್ಟೆ" ಎಂಬ ಮಾತು ಅಲ್ಲಿ ನಡೆಯದು. ಆದರೆ ಕಾನೂನು ಬರುವುದು ಹೆಣ ಬಿದ್ದ ಮೇಲೆ. ಅರಿವು ಬರಬೇಕಾದುದು ಕೈ ಎತ್ತುವ ಮುನ್ನ.

ನಮ್ಮ ಮನೆಯೊಳಗಿನ ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಬೇರೆಯವರ ತಪ್ಪನ್ನಷ್ಟೇ ಎಣಿಸಿದಂತಾಗುತ್ತದೆ. ದೊಣ್ಣೆ ಹಿಡಿದದ್ದು ಮಾತ್ರ ಗುಂಪಲ್ಲ. ಊರಿನಲ್ಲೊಂದು ಹುಡುಗಿ ಜಾತಿಯಾಚೆ ಮದುವೆಯಾದಳೆನ್ನಿ. ಆ ಮನೆಯ ಶುಭಕಾರ್ಯಕ್ಕೆ ಯಾರೂ ಹೋಗಕೂಡದೆಂದು ಕಟ್ಟೆಯ ಮೇಲೆ ಹಿರಿಯರೊಬ್ಬರು ಹೇಳುತ್ತಾರೆ. ಕುಳಿತವರೆಲ್ಲ ತಲೆ ತಗ್ಗಿಸುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮನೆಗೆ ಬಂದು "ಹೀಗಾಗಬಾರದಿತ್ತು" ಎಂದು ಹೆಂಡತಿಯೆದುರು ನಿಟ್ಟುಸಿರು ಬಿಡುತ್ತಾರೆ. ಮನದೊಳಗೆ ಒಪ್ಪದವರೇ ಹೆಚ್ಚಿದ್ದರೂ ಪ್ರತಿಯೊಬ್ಬನೂ ಒಪ್ಪದವನು ತಾನೊಬ್ಬನೇ ಎಂದುಕೊಂಡಿರುತ್ತಾನೆ. ಆಶ್‌ನ ಕೋಣೆಯೂ ನಮ್ಮ ಊರ ಕಟ್ಟೆಯೂ ಬೇರೆಯಲ್ಲ. "ನಾಲ್ಕು ಜನ ಏನಂದಾರು" ಎಂಬ ಅಂಜಿಕೆಯಿಂದ ಎಷ್ಟು ಕುಟುಂಬಗಳು ಒಂಟಿಯಾಗಿವೆ, ಎಷ್ಟು ತಂದೆತಾಯಿ ಹೆತ್ತ ಮಗಳ ಮುಖ ನೋಡದೆ ಕೊರಗಿದ್ದಾರೆ ಎಂಬುದನ್ನು ಎಲ್ಲರೂ ಬಲ್ಲೆವು. ಆ ನಾಲ್ಕು ಜನ ಬೇರೆ ಯಾರೂ ಅಲ್ಲ, ಅವರಲ್ಲಿ ನಾವೂ ಒಬ್ಬರು.

ನೆರೆಯ ಮಹಾರಾಷ್ಟ್ರವು 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಕಾನೂನನ್ನೇ ರೂಪಿಸಿ, ತಪ್ಪಿತಸ್ಥರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ಕಲ್ಪಿಸಿತು. ಆದರೆ ಶರಣರ ಹಾದಿಯವರಾದ ನಮಗೆ ಇದಕ್ಕೆ ಸರ್ಕಾರದ ಕಾನೂನು ಬೇಕೆ? ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ನಡೆದ ವಿವಾಹವನ್ನು ಕಲ್ಯಾಣದ ಶರಣರು ಎತ್ತಿಹಿಡಿದರು. ಅದಕ್ಕಾಗಿ ಆ ಇಬ್ಬರು ಹಿರಿಯರು ತೆತ್ತ ಬೆಲೆ ಅವರ ಪ್ರಾಣ. ಅವರ ಜಯಂತಿಯಲ್ಲಿ ಭಾಷಣ ಕೇಳಿ ಚಪ್ಪಾಳೆ ತಟ್ಟಿ, ಸಂಜೆ ಊರ ಕಟ್ಟೆಯ ಮೇಲೆ ತಲೆ ತಗ್ಗಿಸುವುದು ಭಕ್ತಿಯಲ್ಲ.

ತನ್ನ ಉಪನಯನದ ಹೊತ್ತಿನಲ್ಲಿ, ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ತನಗೇಕೆಂದು ಕೇಳಿ ಬಾಗೇವಾಡಿಯ ಬಾಲಕನೊಬ್ಬ ಮನೆಯಿಂದ ಹೊರನಡೆದನೆಂದು ಪರಂಪರೆ ಹೇಳುತ್ತದೆ. ಇಡೀ ಅಗ್ರಹಾರದ ಒಮ್ಮತವನ್ನು ಮುರಿದದ್ದು ಎಳೆಯನ ಒಂದು ಪ್ರಶ್ನೆ. ಅದೇ ಬಸವಣ್ಣನವರು ಮುಂದೆ ಗುಂಪನ್ನೇ ತೊರೆದು ಕಾಡಿಗೆ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು. ಅವರು ಬೇರೊಂದು ಬಗೆಯ ಕೂಟವನ್ನು ಕಟ್ಟಿದರು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನಿಸಿದರು, ಅಕ್ಕ ಎದೆಗುಂದದೆ ಉತ್ತರಿಸಿದಳು. ಅಂಬಿಗನೂ ಮಡಿವಾಳನೂ ಅಲ್ಲಿ ತಮ್ಮ ಮಾತನ್ನು ತಾವೇ ಆಡಿದರು. ಎದುರುಮಾತಿಗೆ ಜಾಗವಿದ್ದ ಕೂಟವು ಸತ್ಸಂಗವಾಯಿತು. ಜಾಗವಿಲ್ಲದಿದ್ದರೆ ಸಾವಿರ ಜನ ಸೇರಿದರೂ ಅದು ಜಂಗುಳಿ ಮಾತ್ರ.

ಇಷ್ಟಲಿಂಗದ ಮರ್ಮವೂ ಇಲ್ಲಿಯೇ ಇದೆ. ಅದು ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು. ಪೂಜೆಯನ್ನು ಪರರಿಂದ ಮಾಡಿಸಲಾಗದು, ಅದರೆದುರು ನಿಲ್ಲುವಾಗ "ಎಲ್ಲರೂ ಮಾಡಿದರು, ನಾನೂ ಮಾಡಿದೆ" ಎನ್ನಲಾಗದು. ಗುಂಪು ಹೊಣೆಯನ್ನು ಹಂಚಿ ಹಗುರ ಮಾಡುತ್ತದೆ. ಲಿಂಗವು ಆ ಹೊಣೆಯನ್ನು ಮತ್ತೆ ನಮ್ಮ ಅಂಗೈಗೇ ತಂದಿಡುತ್ತದೆ.

ಸದ್ಭಕ್ತರು ಇಂದಿನಿಂದಲೇ ಕೈಗೊಳ್ಳಬಹುದಾದ ಕೆಲವು ನಡೆಗಳಿವೆ. ಭಯ ಅಥವಾ ಸಿಟ್ಟು ಹುಟ್ಟಿಸುವ ಸಂದೇಶ ಬಂದರೆ ಅದನ್ನು ಅಲ್ಲಿಯೇ ನಿಲ್ಲಿಸಿರಿ, ಕಳುಹಿಸಿದವರನ್ನು "ಇದು ನಿಮಗೆ ಎಲ್ಲಿಂದ ಬಂತು?" ಎಂದು ವಿನಯದಿಂದ ಕೇಳಿರಿ. ಮಠದ ಹೆಸರಿನ ಭಕ್ತರ ಗುಂಪುಗಳಿಗೂ ಈ ಮಾತು ಅನ್ವಯಿಸುತ್ತದೆ. ಅಪರಿಚಿತರ ಸುತ್ತ ಜನ ಸೇರಿದ್ದನ್ನು ಕಂಡರೆ 112ಕ್ಕೆ ಕರೆ ಮಾಡಿರಿ, ಬೇರೆಯವರು ಮಾಡಿರಬಹುದೆಂದು ಸುಮ್ಮನಾಗಬೇಡಿರಿ. ನೆರವು ಬೇಕಾದಾಗ ಗುಂಪಿಗೆ ಕೂಗಿ ಹೇಳುವ ಬದಲು ಒಬ್ಬರ ಕಡೆಗೆ ಕೈತೋರಿಸಿ "ಅಣ್ಣಾ, ನೀವು ಕರೆ ಮಾಡಿರಿ" ಎನ್ನಿರಿ. ಹಂಚಿಹೋದ ಹೊಣೆ ಮತ್ತೆ ಒಬ್ಬರ ಕೈಸೇರುತ್ತದೆ. ಊರ ಸಭೆಯಲ್ಲಿ ಹಿರಿಯರು ಮೊದಲು ಕಿರಿಯರನ್ನೂ ತಾಯಂದಿರನ್ನೂ ಮಾತನಾಡಿಸಿ, ತಮ್ಮ ತೀರ್ಮಾನವನ್ನು ಕೊನೆಯಲ್ಲಿ ಹೇಳಲಿ.

ಎಲ್ಲಕ್ಕಿಂತ ಮಿಗಿಲಾಗಿ, ಅನ್ಯಾಯವೆಂದು ಒಳಗೆ ಅನಿಸಿದಾಗ ಒಂದು ಮಾತನ್ನಾದರೂ ಆಡಿರಿ. ದೊಡ್ಡ ಭಾಷಣ ಬೇಕಿಲ್ಲ. "ಸ್ವಲ್ಪ ತಡೆಯಿರಿ, ವಿಚಾರಿಸೋಣ" ಎಂದರೆ ಸಾಕು. ನಿಮ್ಮ ಪಕ್ಕದಲ್ಲಿ ನಿಂತವನೂ ಆ ಮಾತಿಗಾಗಿಯೇ ಕಾಯುತ್ತಿರಬಹುದು. ರಾಯಿನ್‌ಪಾಡಾದ ಆ ಸಂತೆಯಲ್ಲಿ ಸಕಾಲಕ್ಕೆ ಅಂಥ ನಾಲ್ಕು ದನಿಗಳು ಕೂಡಿದ್ದರೆ ಆ ಐವರು ಭಿಕ್ಷುಕರು ತಮ್ಮ ಮನೆಗಳಿಗೆ ಮರಳುತ್ತಿದ್ದರೇನೋ. ಅಂಥ ಗಳಿಗೆ ನಮ್ಮ ಊರಿಗೆ ಬಂದಾಗ ಮೊದಲ ದನಿ ಶರಣರ ಮಕ್ಕಳದಾಗಲಿ.