ಮಳೆಯ ನಾಡಿನ ಬರ ಮತ್ತು ಖಾಲಿ ಅಂಕಣ

ಬರ ಎಂದೊಡನೆ ಮಲೆನಾಡಿನವರಿಗೆ ನೆನಪಾಗುವುದು ಬಯಲುಸೀಮೆ. ಬಿರುಕುಬಿಟ್ಟ ಕೆರೆಯಂಗಳ, ಒಣಗಿದ ಜೋಳದ ಹೊಲ, ಗುಳೆ ಹೊರಟ ಕುಟುಂಬಗಳು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಸುತ್ತಿನವರು ತಮ್ಮ ಊರಿಗೆ ಬರ ಬಂದಿದೆಯೆಂದು ಅರ್ಜಿ ಹಿಡಿದು ಹೋದರೆ ಮೇಜಿನ ಆಚೆ ಕುಳಿತವರು ನಗಬಹುದು. ಸರಾಸರಿ ಎಂಬ ಒಂದು ಅಂಕಿ ಅಷ್ಟು ಬಲವಾದದ್ದು. ಈ ನಗೆಯನ್ನು ಎದುರಿಸಿ, ಮಳೆಯ ನಾಡಿನ ಬರವನ್ನು ಅಳೆಯುವ ಬೇರೊಂದು ಕ್ರಮವನ್ನು ಕಂಡುಕೊಂಡ ಪ್ರದೇಶವೊಂದು ಪೆಸಿಫಿಕ್ ಮಹಾಸಾಗರದ ಪಶ್ಚಿಮ ಭಾಗದಲ್ಲಿದೆ. ಆ ಕ್ರಮ ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಎಂಬುದೆರಡೂ ಗುಡ್ಡಗಾಡಿನ ಓದುಗರು ತಿಳಿಯಬೇಕಾದ ಸಂಗತಿ.

ಆ ಪ್ರದೇಶದಲ್ಲಿರುವುದು ಮೈಕ್ರೋನೇಷಿಯಾ, ಮಾರ್ಷಲ್ ದ್ವೀಪಗಳು, ಪಲಾವು ಎಂಬ ಸ್ವತಂತ್ರ ರಾಷ್ಟ್ರಗಳು ಮತ್ತು ಗುವಾಮ್, ಉತ್ತರ ಮರಿಯಾನಾದಂತಹ ಅಮೆರಿಕದ ಅಧೀನ ದ್ವೀಪಗಳು. ಮೈಕ್ರೋನೇಷಿಯಾದ ಪೊನ್‌ಪೇ ದ್ವೀಪದ ತಗ್ಗಿನಲ್ಲೇ ವರ್ಷಕ್ಕೆ 4,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಾರ್ಷಲ್ ದ್ವೀಪಗಳ ರಾಜಧಾನಿ ಮಜುರೋದಲ್ಲಿ ಅದು 3,000 ದಾಟುತ್ತದೆ. ಜನರ ಊಟವೂ ಮಲೆನಾಡಿಗೆ ಅಪರಿಚಿತವಲ್ಲ: ಜೀಗುಜ್ಜೆ, ಕೆಸುವಿನ ಗೆಡ್ಡೆ, ತೆಂಗು, ಮೀನು.

ಆದರೆ ಪೊನ್‌ಪೇಯಂತಹ ಎತ್ತರದ ದ್ವೀಪಕ್ಕೂ ಹವಳದ ದ್ವೀಪಕ್ಕೂ ಅಜಗಜಾಂತರ. ಮಾರ್ಷಲ್ ದ್ವೀಪಗಳೆಂದರೆ 29 ಹವಳದ ಉಂಗುರಗಳು ಮತ್ತು 5 ಒಂಟಿ ದ್ವೀಪಗಳು. ಎಲ್ಲವನ್ನೂ ಸೇರಿಸಿದರೆ ನೆಲ ಸುಮಾರು 181 ಚದರ ಕಿಲೋಮೀಟರ್ ಮಾತ್ರ. ಬಹುಪಾಲು ನೆಲ ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಎತ್ತರದಲ್ಲಿದೆ. ಅಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ, ಹೊಳೆಯಿಲ್ಲ. ಬಿದ್ದ ಮಳೆ ಸರಂಧ್ರ ಹವಳದ ಮಣ್ಣಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ತೇಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ತುಸು ಹಗುರ ಎಂಬ ಒಂದೇ ಕಾರಣದಿಂದ ಆ ಪದರ ಉಳಿದಿದೆ. ಶಾಸ್ತ್ರದ ಲೆಕ್ಕದಂತೆ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ನಲವತ್ತು ಅಡಿ ಸಿಹಿನೀರಿರುತ್ತದೆ. ಮೇಲಿನ ಮಟ್ಟ ಒಂದು ಅಂಗುಲ ಇಳಿದರೆ ಕೆಳಗಿನಿಂದ ಉಪ್ಪುನೀರು ನಲವತ್ತು ಅಂಗುಲ ಏರಿ ಬರುತ್ತದೆ. ಮಳೆಯಿಲ್ಲದಾಗ ಬಾವಿ ಬತ್ತುವುದಿಲ್ಲ, ಉಪ್ಪಾಗುತ್ತದೆ. ಕೆಸುವಿನ ಹೊಂಡಕ್ಕೂ ಅದೇ ಗತಿ. ಹೀಗಾಗಿ ಹೆಚ್ಚಿನ ಮನೆಗಳು ನಂಬಿರುವುದು ಮಾಡಿನ ನೀರನ್ನೂ ಅದು ತುಂಬುವ ತೊಟ್ಟಿಯನ್ನೂ. ಮಜುರೋ ನಗರಕ್ಕೆ ನೀರುಣಿಸುವ ದೊಡ್ಡ ಜಲಾಶಯಗಳು ತುಂಬುವುದು ವಿಮಾನ ನಿಲ್ದಾಣದ ಓಟಪಥದ ಮೇಲೆ ಬಿದ್ದ ಮಳೆಯಿಂದ.

ಇಂಥ ನೆಲದಲ್ಲಿ ವಾರ್ಷಿಕ ಸರಾಸರಿಯನ್ನು ನೋಡಿ ಮಾಡುವುದೇನು? ಮಳೆ ಕಾಯುವ ಹವಾಮಾನ ಸಿಬ್ಬಂದಿ ಅಲ್ಲಿ ಸರಳವಾದ ಮಾನದಂಡವೊಂದನ್ನು ಬಳಸುತ್ತಾರೆ. ಹವಳದ ದ್ವೀಪಕ್ಕೆ ತಿಂಗಳಿಗೆ 4 ಇಂಚು, ಎತ್ತರದ ದ್ವೀಪಕ್ಕೆ 8 ಇಂಚು ಮಳೆ ಬೇಕು. ಅಷ್ಟಿದ್ದರೆ ಹೆಚ್ಚಿನ ನೀರಿನ ಅಗತ್ಯ ಪೂರೈಸುತ್ತದೆ. ವಾರದ ಲೆಕ್ಕದಲ್ಲಿ ಒಂದು ಇಂಚು ಮತ್ತು ಎರಡು ಇಂಚು. ಇದರ ಹಿಂದಿನ ತರ್ಕವನ್ನು ಯಾವ ವಿದ್ಯಾರ್ಥಿಯಾದರೂ ಪರೀಕ್ಷಿಸಬಹುದು. ಐವತ್ತು ಚದರ ಮೀಟರಿನ ಮಾಡಿನ ಮೇಲೆ ನಾಲ್ಕು ಇಂಚು, ಎಂದರೆ ಸುಮಾರು ನೂರು ಮಿಲಿಮೀಟರ್ ಮಳೆ ಬಿದ್ದರೆ ಐದು ಸಾವಿರ ಲೀಟರ್ ನೀರು. ಸೋರಿ, ಆವಿಯಾಗಿ ಹೋದದ್ದನ್ನು ಕಳೆದು ನಾಲ್ಕು ಸಾವಿರವೆನ್ನೋಣ. ಐದು ಜನರ ಮನೆಗೆ ತಲೆಗೆ ದಿನಕ್ಕೆ ಇಪ್ಪತ್ತೈದು ಲೀಟರಿನಂತೆ ತಿಂಗಳಿಗೆ ಬೇಕಾದದ್ದು 3,750. ಕುಡಿಯಲು, ಬೇಯಿಸಲು, ಮೀಯಲು ಅಷ್ಟು. ಮೂರು ತಿಂಗಳು ಎರಡೆರಡು ಇಂಚು ಮಾತ್ರ ಸುರಿದರೆ ತೊಟ್ಟಿಯ ತಳ ಕಾಣುತ್ತದೆ, ವರ್ಷದ ಕೊನೆಗೆ ಸರಾಸರಿ ಮಾತ್ರ ಸರಿಯಾಗಿಯೇ ಕಾಣಬಹುದು. ಈ ಮಾನದಂಡ ಆಕಾಶದಿಂದ ಇಳಿದದ್ದಲ್ಲ, ಕೊಡದಿಂದ ಮೇಲೆದ್ದದ್ದು. ಅದರ ಹಿರಿಮೆ ಅಲ್ಲಿಯೇ ಇದೆ.

ಸಕಾಲದ ಎಚ್ಚರಿಕೆಯಿಂದ ಏನಾಗಬಲ್ಲದು ಎಂಬುದನ್ನು 1997–98 ತೋರಿಸಿಕೊಟ್ಟಿತು. ಎಲ್ ನಿನೋ ಬಂದಾಗ ಪಶ್ಚಿಮ ಪೆಸಿಫಿಕ್ಕಿನ ಬಿಸಿನೀರೂ ಅದರೊಡನೆ ಮಳೆಮೋಡಗಳೂ ಪೂರ್ವಕ್ಕೆ ಸರಿಯುತ್ತವೆ. ಈ ದ್ವೀಪಗಳಲ್ಲಿ ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಮರುವರ್ಷದ ಮೊದಲ ತಿಂಗಳುಗಳಲ್ಲಿ. ಆದ್ದರಿಂದ ತಯಾರಿಗೆ ಆರು ತಿಂಗಳಾದರೂ ಸಿಗುತ್ತದೆ. 1994ರಲ್ಲಿ ಆರಂಭವಾಗಿದ್ದ ಪ್ರಾದೇಶಿಕ ಹವಾಮಾನ ಕೇಂದ್ರವೊಂದು 1997ರಲ್ಲೇ ತೀವ್ರ ಬರದ ಮುನ್ಸೂಚನೆ ಕೊಟ್ಟಿತು. ಸರ್ಕಾರಗಳು ಬರ ಕಾರ್ಯಪಡೆಗಳನ್ನು ರಚಿಸಿದವು. ನೀರಿನ ಪಡಿತರ ನಿಗದಿಯಾಯಿತು. 1998ರ ಆರಂಭದಲ್ಲಿ ಮಜುರೋದ ನಲ್ಲಿಗಳಲ್ಲಿ ಎರಡು ವಾರಕ್ಕೊಮ್ಮೆ ಕೆಲವೇ ಗಂಟೆ ನೀರು ಬರುತ್ತಿತ್ತು. ಹಸಿರು ದ್ವೀಪಗಳಲ್ಲಿ ಬೆಂಕಿ ಬಿದ್ದಿತು. ಕಷ್ಟ ತಪ್ಪಲಿಲ್ಲ, ಆದರೆ ಅದು ಹೇಳದೆ ಕೇಳದೆ ಬಂದು ಎರಗಿದ ಕಷ್ಟವಾಗಿರಲಿಲ್ಲ.

ಸೋಲಿನ ಕಥೆ ನಕಾಶೆಯದು. ಅಮೆರಿಕದ ವಾರಾವಾರದ ಬರ ನಕಾಶೆ 1999ರಲ್ಲಿ ಆರಂಭವಾಯಿತು. ಅಸಹಜ ಶುಷ್ಕತೆಯಿಂದ ಅಸಾಧಾರಣ ಬರದವರೆಗೆ ಅದರಲ್ಲಿ ಐದು ಮೆಟ್ಟಿಲುಗಳಿವೆ. ಈ ಪೆಸಿಫಿಕ್ ದ್ವೀಪಗಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು 2019ರಲ್ಲಿ, ಇಪ್ಪತ್ತು ವರ್ಷಗಳ ನಂತರ. 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ 67 ಅಣುಸ್ಫೋಟಗಳನ್ನು ನಡೆಸಿ ಒಂದೊಂದನ್ನೂ ಲೆಕ್ಕವಿಟ್ಟ ದೇಶಕ್ಕೆ ಅಲ್ಲಿನ ಮಳೆಯನ್ನು ತನ್ನ ನಕಾಶೆಗೆ ಸೇರಿಸಲು ಇಷ್ಟು ಕಾಲ ಬೇಕಾಯಿತು. ಇರಲಿ, ಸೇರಿತಲ್ಲ. ಆದರೆ ಸೇರಿದ ಮೇಲೂ ಒಂದು ತೊಡಕು ಉಳಿದಿದೆ. ಭೂಖಂಡದಲ್ಲಿ ಬರವನ್ನು ಪ್ರದೇಶವಾಗಿ ಬಣ್ಣ ತುಂಬಿ ತೋರಿಸುತ್ತಾರೆ. ಇಲ್ಲಿ ಪ್ರತಿ ಮಳೆಮಾಪಕ ಕೇಂದ್ರವೂ ಒಂದು ಚುಕ್ಕೆ. ಅಂತಹ ಚುಕ್ಕೆಗಳು ಇಪ್ಪತ್ತಕ್ಕೆ ತುಸು ಹೆಚ್ಚು; ಸುತ್ತಲಿನ ಕಡಲು ಭಾರತಕ್ಕಿಂತ ವಿಶಾಲ. ವಾರದಲ್ಲಿ ಹಲವು ದಿನಗಳ ಅಂಕಿ ಬಾರದಿದ್ದರೆ ಆ ಕೇಂದ್ರದ ಬಗ್ಗೆ ನಿರ್ಣಯ ಹೇಳಲಾಗದು, ದತ್ತಾಂಶ ಸಾಲದು ಎಂದು ಬರೆಯಲಾಗುತ್ತದೆ. ದೂರದ ದ್ವೀಪಗಳ ಹೆಸರಿನ ಮುಂದೆ ಹೀಗೆ ಬರೆದಿರುವುದು ಅಪರೂಪವಲ್ಲ.

ನಿರ್ಣಯ ಹೇಳಲಾಗದು ಎನ್ನುವುದು ವಿಜ್ಞಾನದ ಪ್ರಾಮಾಣಿಕತೆ, ಅದರಲ್ಲಿ ತಪ್ಪಿಲ್ಲ. ತಪ್ಪು ನಡೆಯುವುದು ಆ ಮಾತು ಕಡತಗಳ ದಾರಿಯಲ್ಲಿ ಸಾಗಿ ಬರವಿಲ್ಲ ಎಂಬ ಅರ್ಥ ಪಡೆದಾಗ. ಅಂಕಿ ಏಕೆ ಬರಲಿಲ್ಲ? ಮಳೆ ಅಳೆಯುವವರು ಕಾಯಿಲೆ ಬಿದ್ದಿರಬಹುದು, ರೇಡಿಯೋ ಕೆಟ್ಟಿರಬಹುದು, ಸೌರ ಬ್ಯಾಟರಿ ಸತ್ತಿರಬಹುದು, ಬದಲಿ ಭಾಗ ತರುವ ಹಡಗು ವಾರಗಟ್ಟಲೆ ತಡವಾಗಿರಬಹುದು. ಎಲ್ಲಿ ಹಡಗು ಬರುವುದು ಕಷ್ಟವೋ ಅಲ್ಲೇ ಕುಡಿಯುವ ನೀರು ತಲುಪುವುದೂ ಕಷ್ಟ. ಹಾಗಾಗಿ ಖಾಲಿ ಅಂಕಣ ಸುರಕ್ಷತೆಯ ಗುರುತಲ್ಲ, ಬಹುಮಟ್ಟಿಗೆ ಅಪಾಯದ ಗುರುತೇ. ಉಪಗ್ರಹಗಳಿವೆಯಲ್ಲ ಎನ್ನುವವರಿದ್ದಾರೆ. ಕಿಲೋಮೀಟರುಗಟ್ಟಲೆ ಅಗಲದ ಚೌಕಗಳಲ್ಲಿ ಮಳೆಯನ್ನು ಅಂದಾಜಿಸುವ ಉಪಗ್ರಹಕ್ಕೆ ಕೆಲವು ನೂರು ಮೀಟರ್ ಅಗಲದ ಹವಳದ ಪಟ್ಟಿಯ ಮೇಲೆ ಬಿದ್ದದ್ದೆಷ್ಟು, ಪಕ್ಕದ ಕಡಲಿಗೆ ಬಿದ್ದದ್ದೆಷ್ಟು ಎಂದು ಬಿಡಿಸಿ ಹೇಳಲಾಗದು. ಬೆಳಗ್ಗೆ ಎದ್ದು ಮಳೆಮಾಪಕದ ನೀರನ್ನು ಅಳೆದು ಬರೆದಿಡುವ ಮನುಷ್ಯನಿಗೆ ಬದಲಿ ಇಲ್ಲ. ಆ ಕೆಲಸಕ್ಕೆ ಕೊಡುವ ಸಂಬಳ ಯಾವ ಯಂತ್ರಕ್ಕಿಂತಲೂ ಅಗ್ಗ.

ಅಂಕಿಗೂ ಅನ್ನಕ್ಕೂ ನೇರ ಸಂಬಂಧವಿದೆ. 2016ರ ಫೆಬ್ರವರಿಯಲ್ಲಿ ಮಾರ್ಷಲ್ ದ್ವೀಪಗಳ ಅಧ್ಯಕ್ಷೆ ಹಿಲ್ಡಾ ಹೈನಾ ಬರದ ತುರ್ತುಸ್ಥಿತಿ ಘೋಷಿಸಿದರು. ಅಮೆರಿಕದ ಅಧ್ಯಕ್ಷರ ವಿಪತ್ತು ಘೋಷಣೆ ಬಂದದ್ದು ಏಪ್ರಿಲ್ ಕೊನೆಗೆ. ನಡುವಿನ ವಾರಗಳಲ್ಲಿ ತೊಟ್ಟಿಗಳು ಕಾಗದಪತ್ರಕ್ಕಾಗಿ ಕಾಯುತ್ತಿರಲಿಲ್ಲ. ಈ ದ್ವೀಪಗಳ ಹವಾಮಾನ ಕಚೇರಿಗಳು ಹೆಚ್ಚಾಗಿ ನಡೆಯುವುದು ಅಮೆರಿಕದ ಹಣದಿಂದ ಎಂಬುದನ್ನೂ, 2025ರಲ್ಲಿ ಆ ದೇಶದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಲ್ಲಿ ನೂರಾರು ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಯಿತು ಎಂಬುದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆತಂಕಕ್ಕೆ ಕಾರಣವಿದೆ.

ಇದು ದೂರದ ಕಡಲಿನ ಮಾತು ಎನ್ನುವವರು ತಮ್ಮ ಪಂಚಾಯಿತಿಯ ಆವರಣದಲ್ಲಿರುವ ಮಳೆಮಾಪಕವನ್ನು ಒಮ್ಮೆ ಹೋಗಿ ನೋಡಬೇಕು. ಕರ್ನಾಟಕದಲ್ಲಿ ಬರ ನಿಗಾ ಘಟಕ ಹುಟ್ಟಿದ್ದು 1988ರಲ್ಲಿ. ಅದೇ ಬೆಳೆದು ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನು ನಡೆಸುತ್ತಿದೆ. ದೊಡ್ಡ ಸಾಧನೆಯೇ ಸರಿ. ಎಲ್ ನಿನೋ ವರ್ಷವಾದ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಆದರೆ ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೂ ಕಾಳುಮೆಣಸಿಗೂ ಪರಿಹಾರ ನಿರ್ಧಾರವಾಗುವುದು ಮಾಪಕದ ಅಂಕಿಯಿಂದ. ಅದು ಕೆಟ್ಟರೆ ಇನ್ನೊಂದು ಕೇಂದ್ರದ ಅಂಕಿ. ಒಂದು ಗುಡ್ಡ ದಾಟಿದರೆ ಮಳೆಯ ಲೆಕ್ಕವೇ ಬದಲಾಗುವ ಸೀಮೆಯಲ್ಲಿ ಇದರ ಅರ್ಥವೇನೆಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇಂಚು ಸೆಂಟುಗಳಲ್ಲಿ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಅವನ್ನು ಕೇಳಿ ಪಡೆಯುವ, ಪರಿಶೀಲಿಸಿ ಮಾಪಕದ ಪಕ್ಕದಲ್ಲಿ ಸಾಕ್ಷಿಯಾಗಿ ಇಡುವ ಕ್ರಮ ಏಕಿರಬಾರದು? ಶಾಲೆಗೊಂದು ಕೈಮಾಪಕ, ಪ್ರತಿ ಬೆಳಗ್ಗೆ 8.30ಕ್ಕೆ ಒಂದು ಸಾಲು ಬರಹ: ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಭೂಮಧ್ಯರೇಖೆಯಿಂದ ಒಂದೇ ಡಿಗ್ರಿ ಉತ್ತರಕ್ಕೆ ಕಪಿಂಗಮರಂಗಿ ಎಂಬ ಹವಳದ ದ್ವೀಪವಿದೆ. ಪೊನ್‌ಪೇಯಿಂದ ಏಳುನೂರು ಕಿಲೋಮೀಟರಿಗೂ ದೂರ. ಉಳಿದ ಮೈಕ್ರೋನೇಷಿಯಾ ಎಲ್ ನಿನೋಗೆ ಹೆದರಿದರೆ ಇದಕ್ಕೆ ಲಾ ನಿನಾ ಕಂಟಕ. ರಾಜಧಾನಿಯಲ್ಲಿ ಧಾರಾಳ ಮಳೆಯಾಗುವಾಗ ಇಲ್ಲಿನ ತೊಟ್ಟಿಗಳು ಬರಿದಾಗಬಹುದು. ಪೊನ್‌ಪೇಯ ಅಂಕಿಯನ್ನು ನೋಡಿ ಇದರ ಸ್ಥಿತಿಯನ್ನು ಊಹಿಸಿದವರು ತಲೆಕೆಳಗಾದ ಉತ್ತರ ಪಡೆಯುತ್ತಾರೆ. ವಾರದ ವರದಿಯಲ್ಲಿ ದತ್ತಾಂಶ ಸಾಲದು ಎಂಬ ಷರಾ ಬೀಳುವ ಹೆಸರುಗಳಲ್ಲಿ ಕಪಿಂಗಮರಂಗಿಯೂ ಒಂದು.